ರೇಷ್ಮೆಗೂಡಿನ ಪಿಸಿ ಮೂಟೆಯಲ್ಲಿ ಕಪ್ಪು ಹುಳ, ಸ್ಟ್ಯಾಂಡಿನ ಮರದಲ್ಲಿ ತೂತು. ಯಾವ ಔಷಧಿ?

ಗೂಡುಮನೆ_ಮಾಗಡಿ
ಎಲ್ಲರಿಗೂ ನಮಸ್ಕಾರ. ಮಾವನವರ ಬಿತ್ತನೆ ಕೋಠಿ, ಅಂದ್ರೆ ರೇಷ್ಮೆ ಮೊಟ್ಟೆ ತಯಾರಿಸೋ ಮನೆ, ನನ್ನ ತಲೆಗೆ ಬಂದು ಎಂಟು ತಿಂಗಳಾಯ್ತು. ಚಿಟ್ಟೆ ಹೊರಬಂದ ಮೇಲೆ ಉಳಿಯೋ ತೂತುಗೂಡನ್ನ, ಅದೇ ಪಿಸಿ, ರೇಟು ಬರಲಿ ಅಂತ ಮೂಟೆ ಕಟ್ಟಿ ಪಕ್ಕದ ರೂಮಲ್ಲೇ ಇಟ್ಟಿದ್ವಿ. ಮೊನ್ನೆ ಒಂದು ಮೂಟೆ ಬಿಚ್ಚಿದ್ರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ಹುಳ, ಜೊತೆಗೆ ಮೈತುಂಬ ಕೂದಲಿರೋ ಕಂದು ಮರಿಗಳು. ಮುಟ್ಟಿದ್ರೆ ಕಾಲು ಮಡಚಿ ಸತ್ತ ಹಾಗೆ ಬಿದ್ಕೊಳ್ಳುತ್ತೆ. ಆ ಕಡೆ ತಿರುಗಿ ಈ ಕಡೆ ನೋಡೋಷ್ಟರಲ್ಲಿ ಆಸಾಮಿ ನಾಪತ್ತೆ! ಪೆಬ್ರಿನ್ ರೋಗದ ಪರೀಕ್ಷೆಗೆ ಇಟ್ಟಿದ್ದ ತಾಯಿ ಚಿಟ್ಟೆಗಳಲ್ಲಿ ಹೊಟ್ಟೆನೇ ಇಲ್ಲ, ಬರೀ ರೆಕ್ಕೆ. ಇದು ಸಾಲದು ಅಂತ ತಟ್ಟೆ ಸ್ಟ್ಯಾಂಡಿನ ಮರಕ್ಕೂ ಕುಟ್ಟೆ ಹಿಡಿದಿದೆ. ಎರಡಕ್ಕೂ ಸೇರಿಸಿ ಒಂದೇ ಸಲ ಔಷಧಿ ಹೊಡೀಬೇಕು ಅಂತಿದೀನಿ. ಯಾವುದು ಒಳ್ಳೇದು?

ಹಳೇ_ಕೋಠಿ
ತಡೀರಿ ಸ್ವಾಮಿ, ಮೊದಲು ಪಂಪು ಕೆಳಗಿಡಿ. ಕೋಠಿ ಒಳಗೆ ಔಷಧಿ ಹೊಡೆದ್ರೆ ಹುಳಕ್ಕಿಂತ ಮುಂಚೆ ನಿಮ್ಮ ಚಿಟ್ಟೆ ಸಾಯುತ್ತೆ.

ಎರಡು ಹುಳ ಅಲ್ಲ, ಒಂದೇ. ಡರ್ಮೆಸ್ಟಿಡ್ ದುಂಬಿ. ಮರಿ ಬಲಿತ ಮೇಲೆ ಕೋಶ ಕಟ್ಟೋಕೆ ಮರೆ ಹುಡುಕ್ಕೊಂಡು ಮರ, ಥರ್ಮೋಕೋಲು, ಸಿಕ್ಕಿದ್ದನ್ನ ಕೊರೆಯುತ್ತೆ. ಮರ ತಿನ್ನಲ್ಲ, ಅಲ್ಲಿ ಮಲಗುತ್ತೆ ಅಷ್ಟೇ. ಆ ತೂತು ಬಿಟ್ಟು ಮೂಟೆ ಮಾತ್ರ ಕ್ಲೀನ್ ಮಾಡಿದ್ರೆ ತಿಂಗಳೊಪ್ಪತ್ತಲ್ಲಿ ಮತ್ತೆ ಹಾಜರು.

ಇನ್ನೊಂದು, ಅದು ರೇಷ್ಮೆ ಆಸೆಗೆ ಬಂದಿರೋದಲ್ಲ, ಹೆಣದ ವಾಸನೆಗೆ ಬಂದಿರೋದು. ಪಿಸಿ ರಾಶಿಯಲ್ಲಿ ಚಿಟ್ಟೆ ಆಗದೆ ಒಳಗೇ ಸತ್ತಿರೋ ಗೂಡು ಎಷ್ಟಿರುತ್ತೆ ಹೇಳಿ? ಒಂದೊಂದೇ ಕಿವಿ ಹತ್ತಿರ ಅಲ್ಲಾಡಿಸಿ. ಲೊಟಲೊಟ ಅಂದ್ರೆ ಸತ್ತ ರೇಷ್ಮೆಹುಳ ಇಡಿಯಾಗಿದೆ, ಮರಳಿನ ಹಾಗೆ ಸರಸರ ಅಂದ್ರೆ ದುಂಬಿ ತಿಂದು ಪುಡಿ ಮಾಡಿದೆ. ಒಳಗಿನ ಸತ್ತ ಹುಳ ಖರ್ಚಾದ ಮೇಲೆ ನಿಮ್ಮ ಚಿಟ್ಟೆ, ಮೊಟ್ಟೆ, ಎಲ್ಲಕ್ಕೂ ಬಾಯಿ ಹಾಕುತ್ತೆ.

ಪಿಸಿಯನ್ನ ಇವತ್ತೇ ಬೇರೆ ಕಟ್ಟಡಕ್ಕೆ ಸಾಗಿಸಿ. ರೇಟಿನ ಆಸೆ ಬಿಡಿ, ಬೇಗ ಮಾರಿ. ಮೊಟ್ಟೆ ಇಟ್ಟು ಮುಗಿದ ಚಿಟ್ಟೆ ರಾತ್ರಿ ಉಳಿಸ್ಕೋಬೇಡಿ, ಪರೀಕ್ಷೆ ಮುಗಿಸಿ ಸುಟ್ಟುಬಿಡಿ. ಕಿಟಕಿ ಬಾಗಿಲಿಗೆ ಸಣ್ಣ ಕಣ್ಣಿನ ಜಾಲರಿ. ಸ್ಟ್ಯಾಂಡು ಖಾಲಿ ಇದ್ದಾಗ ಹೊರಗೆ ತಂದು ಮ್ಯಾಲಥಿಯಾನ್ ಕೀಟನಾಶಕ ಬೆರೆಸಿದ ನೀರಲ್ಲಿ ಅದ್ದಿ, ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಪ್ರಮಾಣ ಇಲ್ಲಿ ಬರೆಯಲ್ಲ, ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಲ್ಲಿ ಕೇಳಿ.

ಜೀವಶಾಸ್ತ್ರದ_ಮೇಷ್ಟ್ರು
ನೀವು ಬೈತಿರೋ ಹುಳದ ಅಣ್ಣತಮ್ಮಂದಿರಿಗೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ನೌಕರಿ ಇದೆ! ಬೇಯಿಸಿದ್ರೆ ಮುರಿಯೋ ಅಂಥ ಸಣ್ಣ ಮೂಳೆಗಳನ್ನೂ, ಒಣಗಿದ ಮಾಂಸ ಕೆರೆದು ತಿಂದು, ನೆಟ್ಟಗೆ ಉಳಿಸಿ ಕೊಡುತ್ತೆ. ಆದ್ರೆ ಪೆಟ್ಟಿಗೆ ಬಿಟ್ಟು ಹೊರಗೆ ಬಂದ್ರೆ ಅಲ್ಲೂ ಆಪತ್ತೇ. ತುಂಬಿಟ್ಟ ಹಕ್ಕಿ, ಪ್ರಾಣಿಗಳ ತೊಗಲನ್ನೂ ಬಿಡಲ್ಲ.

ಮಲ್ಪೆ_ಕಡೆಯವ
ನಮ್ಮ ಒಣಮೀನಿನ ಗೋಣಿಯಲ್ಲೂ ಇದೇ ಜಾತಿ ಮಾರಾಯ್ರೆ. ಮಳೆಗಾಲದಲ್ಲಿ ಬಂಗುಡೆ ಸರಿ ಒಣಗಿಸದಿದ್ರೆ ಮುಗೀತು. ಹೊರಗಿಂದ ಮೀನು, ಒಳಗೆ ಪೊಳ್ಳು.

ಗೂಡುಮನೆ_ಮಾಗಡಿ
ಹಳೇ ಕೋಠಿ ಸರ್, ಭಾನುವಾರ ಒಂಬತ್ತು ಮೂಟೆನೂ ಸಾಗಿಸಿದ್ವಿ. ಹೇಳಿದ ಹಾಗೇ ಅರ್ಧಕ್ಕರ್ಧ ಸರಸರ. ಸ್ಟ್ಯಾಂಡಿನ ತೂತಿಗೆ ಪಿನ್ನು ಹಾಕಿದ್ರೆ ಒಂದೊಂದರಲ್ಲೂ ಒಂದೊಂದು ಮಲಗಿತ್ತು. ಮಾವ ಮಾತ್ರ ಇನ್ನೂ ಕುಟ್ಟೆನೇ ಅಂತಿದಾರೆ.

ಮೇಷ್ಟ್ರೇ, ಕೊನೇ ಮೂಟೆ ಎತ್ತಿದಾಗ ಕೆಳಗೆ ಹಲ್ಲಿಯ ಅಸ್ಥಿಪಂಜರ ಇತ್ತು. ಬೆರಳುಗಳ ಮೂಳೆ ಸಮೇತ ಒಂದು ಚೂರೂ ಮುಕ್ಕಾಗಿಲ್ಲ. ಮಗಳು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಮಲಗಿಸಿದಾಳೆ, ಅವಳಮ್ಮನಿಗೆ ಇನ್ನೂ ಗೊತ್ತಿಲ್ಲ.