ಪಾಲಿಕೆ ಜಾಗದ ಮಣ್ಣು ಕೆಟ್ಟಿದೆ, ಸರಿ ಮಾಡಿಸೋಕೆ ದುಡ್ಡು ಎಲ್ಲಿಂದ?

ಪ್ರಶ್ನೆ (ಮೈಸೂರು, ಬಡಾವಣೆ ಸಂಘದ ಕಾರ್ಯದರ್ಶಿ):

ನಮ್ಮ ಬಡಾವಣೆ ಪಕ್ಕದಲ್ಲೇ ಪಾಲಿಕೆಗೆ ಸೇರಿದ ಮೂರು ಎಕರೆ ಇದೆ. ಹಿಂದೆ ಅಲ್ಲಿ ಕ್ರೋಮಿಯಂ ಪ್ಲೇಟಿಂಗ್ (ಲೋಹದ ಸಾಮಾನಿಗೆ ಕ್ರೋಮಿಯಂ ಲೇಪ ಕೊಡುವ) ಶೆಡ್‌ಗಳಿದ್ದವು, ಗುತ್ತಿಗೆ ಮೇಲೆ. ಅವು ಮುಚ್ಚಿ ಹತ್ತು ವರ್ಷದ ಮೇಲಾಯಿತು. ಮಳೆ ಬಂದರೆ ಈಗಲೂ ಮೋರಿಗೆ ಹಳದಿ ನೀರು ಇಳಿಯುತ್ತದೆ. ಒಂದು ಮೂಲೆಯಲ್ಲಿ ಊರಿನ ಕಸವೂ ಗುಡ್ಡೆ ಬಿದ್ದಿದೆ. ಪಾರ್ಕ್ ಮಾಡಿಕೊಡಿ ಅಂತ ಕೇಳಿದರೆ, ಮೊದಲು ಮಣ್ಣು ಸ್ವಚ್ಛ ಆಗಬೇಕು, ಅದಕ್ಕೆ ಅನುದಾನ ಇಲ್ಲ ಅನ್ನುತ್ತಾರೆ. ಇಂಥ ಕೆಲಸ ಮಾಡಿಸಿದವರು ಇದ್ದರೆ ದಯವಿಟ್ಟು ದಾರಿ ಹೇಳಿ.

ಮಂಡ್ಯ ಕಡೆಯ ನಿವೃತ್ತ ಇಂಜಿನಿಯರ್:

ಮೇಡಂ, ಅನುದಾನ ಇಲ್ಲ ಅನ್ನುವುದು ಅರ್ಧ ನಿಜ. ನಿಮ್ಮ ಜಾಗದಲ್ಲಿ ಇರುವುದು ಎರಡು ಬೇರೆ ಬೇರೆ ಕೊಳೆ. ಕಸ ಬೇರೆ, ಪ್ಲೇಟಿಂಗ್ ವಿಷ ಬೇರೆ. ಎರಡಕ್ಕೂ ದುಡ್ಡು ಬರುವ ಕಡೆಯೂ ಬೇರೆ. ಒಂದೇ ಅರ್ಜಿಯಲ್ಲಿ ಸೇರಿಸಿ ಬರೆದರೆ ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸುತ್ತಾರೆ. ನಾನು ಸರ್ವಿಸ್‌ನಲ್ಲಿದ್ದಾಗ ಹಾಗೇ ಬರೆದೆ. ಎರಡು ವರ್ಷ ಕಡತ ಸುಮ್ನೆ ಓಡಾಡಿತು.

ಕಸದ ಗುಡ್ಡೆಗೆ ಸ್ವಚ್ಛ ಭಾರತ್ ಮಿಷನ್ ನಗರ 2.0 ಇದೆ. 2021ರ ಅಕ್ಟೋಬರ್‌ನಲ್ಲಿ ಐದು ವರ್ಷಕ್ಕೆ ಅಂತ ಶುರುವಾದದ್ದು, ಹಾಗಾಗಿ ತಡ ಮಾಡಬೇಡಿ. 1ರಿಂದ 10 ಲಕ್ಷ ಜನಸಂಖ್ಯೆಯ ನಗರಕ್ಕೆ ಹಳೇ ಕಸ ತೆಗೆಸಲು ಕೇಂದ್ರದ ಪಾಲು ಶೇ 33. ವಿದ್ಯಾರಣ್ಯಪುರಂ ಸೂಯೆಜ್ ಫಾರಂ ಹತ್ತಿರದ ಕಸ ನೀವು ನೋಡಿರುತ್ತೀರಿ, ಇದೂ ಅದೇ ಜಾತಿ. ಒಂದು ಎಚ್ಚರ: ಪ್ಲೇಟಿಂಗ್ ಕೆಸರು ಬೆರೆತ ಕಸವನ್ನು ಜರಡಿ ಹಿಡಿದು ಗೊಬ್ಬರ ಅಂತ ಯಾರಿಗೂ ಕೊಡಲು ಬಿಡಬೇಡಿ.

ವಿಷದ ಮಣ್ಣಿಗೆ ಈಗ ಪ್ರತ್ಯೇಕ ನಿಯಮವೇ ಬಂದಿದೆ. 2025ರ ಜುಲೈ 24ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ್ದು. ನಮ್ಮ ಕಾಲದಲ್ಲಿ ಇದು ಇರಲಿಲ್ಲ. ಇದರ ಪ್ರಕಾರ ಅನುಮಾನ ಇರುವ ಜಾಗವನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಪಟ್ಟಿ ಮಾಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಮಂಡಳಿ 90 ದಿನದಲ್ಲಿ ಮೊದಲ ಪರಿಶೀಲನೆ ಮಾಡಬೇಕು. ಜಾಗ ಕೆಟ್ಟಿದೆ ಅಂತ ಖಚಿತವಾದರೆ, ಕೆಡಿಸಿದವರನ್ನು ಹುಡುಕಿ ಅವರಿಂದಲೇ ಖರ್ಚು ವಸೂಲಿ. ಅವರು ಸಿಗದಿದ್ದರೆ, ಅಥವಾ ಕಟ್ಟುವ ಶಕ್ತಿ ಅವರಿಗೆ ಇಲ್ಲದಿದ್ದರೆ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಣ ಹೊಂದಿಸಬೇಕು. ಊರಿನ ಕಸದ ಗುಡ್ಡೆ ಈ ನಿಯಮದೊಳಗೆ ಬರುವುದಿಲ್ಲ. ಎರಡನ್ನೂ ಬೇರೆ ಮಾಡಿ ಅಂದದ್ದು ಅದಕ್ಕೇ. ನಿಯಮ ಇದ್ದ ಮಾತ್ರಕ್ಕೆ ಕೆಲಸ ಆಗಿಬಿಡುವುದಿಲ್ಲ, ಅದೂ ಗೊತ್ತಿರಲಿ. ಇದು ಬಂದಾಗ ಪತ್ರಿಕೆಗಳಲ್ಲಿ ಓದಿದ್ದು: ದೇಶದಲ್ಲಿ ಗುರುತಿಸಿದ ಇಂಥ ಜಾಗ 103, ಸ್ವಚ್ಛತೆ ಶುರುವಾಗಿದ್ದದ್ದು 7ರಲ್ಲಿ ಮಾತ್ರ. ಬೆನ್ನು ಹತ್ತಿದವರ ಜಾಗವೇ ಮುಂದೆ ಬರುತ್ತದೆ.

ಇನ್ನು ನನ್ನ ಅನುಭವ. ನಮ್ಮ ಊರಿನ ಜಾಗದಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್ ಇತ್ತು. ಅಲ್ಲಿ ಸಂತೆ ಕಟ್ಟೆ ಕಟ್ಟಬೇಕು ಅಂತ ತೀರ್ಮಾನ ಆಗಿತ್ತು. ಮೊದಲ ಅಂದಾಜು ಪಟ್ಟಿಯಲ್ಲಿ ಇಡೀ ಜಾಗದ ಮಣ್ಣು ತೆಗೆದು ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ಗುಂಡಿಗೆ ಸಾಗಿಸೋದು ಅಂತ ಬರೆದಿದ್ದರು. ಆ ಮೊತ್ತ ನೋಡಿ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬ ಹಳೇ ಕೂಲಿ ಆಳು ಬಂದು, "ಸ್ವಾಮಿ, ಆಸಿಡ್ ಸುರೀತಿದ್ದದ್ದು ಆ ಹುಣಸೆ ಮರದ ಕಡೆ ಮಾತ್ರ" ಅಂದ. ಮರದ ಆ ಬದಿಯ ಕೊಂಬೆಗಳು ಒಣಗಿದ್ದವು. ಜಾಗಕ್ಕೆ ಹತ್ತು ಮೀಟರ್‌ಗೊಂದು ಸುಣ್ಣದ ಚೌಕ ಹಾಕಿ, ಒಂದೊಂದು ಚೌಕದಿಂದ ಮೇಲಿನ ಮಣ್ಣು, ಒಂದು ಮೀಟರ್ ಆಳದ ಮಣ್ಣು ತೆಗೆಸಿ ಪರೀಕ್ಷೆ ಮಾಡಿಸಿದೆವು. ಕೆಟ್ಟದ್ದು ಆ ಮೂಲೆಯೇ. ಲಾರಿ ಲೆಕ್ಕ ಹತ್ತನೇ ಒಂದಕ್ಕೆ ಇಳಿಯಿತು. ಪರೀಕ್ಷೆಗೆ ಹಾಕಿದ ದುಡ್ಡಿನಷ್ಟು ದುಡ್ಡು ಉಳಿಸಿದ್ದು ಬೇರೆ ಯಾವುದೂ ಇಲ್ಲ.

ಆ ಪರೀಕ್ಷೆಗೆ ಹಣ ನಮ್ಮದೇ ನಿಧಿಯಿಂದ. ಮಣ್ಣು ಸಾಗಿಸಲು, ರಸ್ತೆ ಕಡೆಯ ಒಳ್ಳೇ ಭಾಗದಲ್ಲಿ ಮಳಿಗೆ ಹರಾಜು ಹಾಕಿ ಬಂದ ಮುಂಗಡ. ಆ ಮುಂಗಡ ಬೇರೆ ಬ್ಯಾಂಕ್ ಖಾತೆಯಲ್ಲೇ ಇರಬೇಕು, ಬೇರೆ ಕೆಲಸಕ್ಕೆ ಮುಟ್ಟಬಾರದು ಅಂತ ನಡಾವಳಿ ಬರೆಸಿದ್ದೆವು. ಬರೆಸದೆ ಇದ್ದಿದ್ದರೆ ಅದು ಬೀದಿ ದೀಪಕ್ಕೋ ಸಂಬಳಕ್ಕೋ ಹೋಗುತ್ತಿತ್ತು. ಜಾಗವನ್ನು ಇದ್ದ ಹಾಗೇ ಮಾರಿಬಿಡಿ ಅನ್ನುವವರು ನಿಮಗೂ ಸಿಗುತ್ತಾರೆ. ಒಪ್ಪಬೇಡಿ. ಬೆಲೆಯೂ ಬರುವುದಿಲ್ಲ, ವಿಷವೂ ಹೋಗುವುದಿಲ್ಲ.

ಲ್ಯಾಬ್‌ನಲ್ಲಿ ಕೆಲಸ ಮಾಡುವವರು, ಮೈಸೂರು:

ಅಕ್ಕಾ, ಹಳದಿ ನೀರು ಅಂದಿರಲ್ಲ, ಪ್ಲೇಟಿಂಗ್ ಜಾಗದಲ್ಲಿ ಆ ಬಣ್ಣ ಕಂಡರೆ ಮೊದಲ ಅನುಮಾನ ಕ್ರೋಮಿಯಂ 6 ಮೇಲೆ, ಅಂದರೆ ಕ್ರೋಮಿಯಂನ ವಿಷಕಾರಿ ರೂಪದ ಮೇಲೆ. ಅದು ನೀರಿನ ಜೊತೆ ಸುಲಭವಾಗಿ ಓಡುತ್ತದೆ. ಮಣ್ಣಿನ ಜೊತೆ ಸುತ್ತಲಿನ ಬೋರ್‌ವೆಲ್ ನೀರನ್ನೂ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೇ ಕೊಡಿ. ತೊಳೆದ ಬಿಸ್ಲೇರಿ ಬಾಟಲಿಯಲ್ಲಿ ತುಂಬಿಸಿಕೊಂಡು ಬಂದರೆ ಯಾವ ಅಧಿಕಾರಿಯೂ ಒಪ್ಪುವುದಿಲ್ಲ, ಲ್ಯಾಬ್‌ನವರೇ ಬಂದು ಮಾದರಿ ತೆಗೆಯಲಿ. ಫಲಿತಾಂಶ ಬರುವ ತನಕ ಮಕ್ಕಳನ್ನು ಆ ಮೋರಿ ಹತ್ತಿರ ಬಿಡಬೇಡಿ.

ಪಾರ್ಕೇ ಬೇಕಾ ಅಂತಲೂ ಯೋಚಿಸಿ. ಮಕ್ಕಳು ಮಣ್ಣಲ್ಲಿ ಆಡುವ ಜಾಗಕ್ಕೆ ಜಾಸ್ತಿ ಸ್ವಚ್ಛತೆ ಬೇಕು, ಕಾಂಕ್ರೀಟ್ ಹಾಕಿದ ಪಾರ್ಕಿಂಗ್‌ಗೆ ಕಡಿಮೆ ಸಾಕು. ಆದರೆ ಅಂತರ್ಜಲ ಮುಟ್ಟಿದ್ದರೆ ಮೇಲೆ ಮುಚ್ಚಿ ಪ್ರಯೋಜನ ಇಲ್ಲ.

ವಕೀಲರು, ಮಂಡ್ಯ:

ಕೆಡಿಸಿದವರಿಂದ ವಸೂಲಿ ಮಾಡಬೇಕು, ಆದರೆ ಅದನ್ನೇ ನಂಬಿ ಕೂರಬೇಡಿ. ಕಾರ್ಖಾನೆಗಳು ಊರಿನ ಮಣ್ಣು, ಬಾವಿ ನೀರು ಕೆಡಿಸಿದ್ದ ರಾಜಸ್ಥಾನದ ಬಿಚ್ಛಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಕೆಡಿಸಿದವರೇ ಖರ್ಚು ಕೊಡಬೇಕು ಅಂದಿತು. ಮೊತ್ತ 37 ಕೋಟಿ ರೂಪಾಯಿಗೂ ಮೇಲೆ. ಅದನ್ನು ಶೇ 12 ಚಕ್ರಬಡ್ಡಿ ಸಮೇತ ಕಟ್ಟಿ ಅಂತ 2011ರಲ್ಲಿ ಮತ್ತೆ ಹೇಳಬೇಕಾಯಿತು.

ವಸೂಲಿಗೆ ಬೇಕಾದ ದಾಖಲೆ ಮೊದಲು ಕೂಡಿಸಿ. ಗುತ್ತಿಗೆ ಪತ್ರ, ಟ್ರೇಡ್ ಲೈಸೆನ್ಸ್, ಬಾಡಿಗೆ ರಿಜಿಸ್ಟರ್, ಶೆಡ್ ನಡೆಸಲು ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರ. ಮಾಹಿತಿ ಹಕ್ಕಿನಲ್ಲಿ ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಹಾಗಾಗಿ ನಾಲ್ಕಕ್ಕೂ ಬೇರೆ ಬೇರೆ ಅರ್ಜಿ ಹಾಕಿ. ಪರೀಕ್ಷೆ ಖರ್ಚಿಗೆ ಹೆಬ್ಬಾಳ, ನಂಜನಗೂಡಿನ ದೊಡ್ಡ ಕಾರ್ಖಾನೆಗಳ ಸಿಎಸ್‌ಆರ್ ಹಣವನ್ನೂ (ಕಂಪನಿಗಳು ಸಮಾಜದ ಕೆಲಸಕ್ಕೆ ಇಡುವ ಹಣ) ಕೇಳಬಹುದು. ಮಣ್ಣು, ನೀರು, ಗಾಳಿಯ ಗುಣಮಟ್ಟ ಕಾಪಾಡುವುದು ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲೇ ಇದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ಅರ್ಜಿ ಬರೆದು, ಹತ್ತತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಇವತ್ತು ಕೊಟ್ಟು ಬಂದೆವು. ಶೆಡ್‌ನಲ್ಲಿ ಕೆಲಸ ಮಾಡಿದ್ದ ಒಬ್ಬರು ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾರೆ. ತೊಟ್ಟಿ ಎಲ್ಲಿತ್ತು, ತೊಳೆದ ನೀರು ಎಲ್ಲಿಗೆ ಬಿಡುತ್ತಿದ್ದರು ಅಂತ ತೋರಿಸಲು ಭಾನುವಾರ ಬೆಳಗ್ಗೆ ಬರುತ್ತೇನೆ ಅಂದಿದ್ದಾರೆ. ಸುಣ್ಣದ ಪುಡಿ ತಂದಿಟ್ಟಿದ್ದೇವೆ.