ಸಹಾಯ ಬೇಕು: 1972ರ ಹಿಲ್‌ಮನ್ ಇಂಪ್‌ಗೆ ನೀರಿನ ಪಂಪು

ಗ್ಲಾಸ್ಗೋ ಸುತ್ತಮುತ್ತ ಇರುವ ಕನ್ನಡದವರು ಸ್ವಲ್ಪ ನೋಡಿ. ನನ್ನ ಹತ್ತಿರ ಒಂದು ಹಿಲ್‌ಮನ್ ಇಂಪ್ ಇದೆ, ಪಕ್ಕದ ಮನೆಯ ಅಜ್ಜ ಕೊಟ್ಟಿದ್ದು. ಇಲ್ಲೇ ಲಿನ್‌ವುಡ್‌ನಲ್ಲಿ 1963ರಿಂದ 1976ರವರೆಗೆ ತಯಾರಾದ ಕಾರು. ಸುಮಾರು 4.4 ಲಕ್ಷ ಮಾಡಿದ್ದರು. ಈಗ ರಸ್ತೆಯಲ್ಲಿ ಒಂದು ಕಂಡರೆ ಜನ ನಿಂತು ನೋಡುತ್ತಾರೆ. ಫ್ಯಾಕ್ಟರಿಯೂ 1981ರಲ್ಲೇ ಮುಚ್ಚಿತು.

ಇದರ ಎಂಜಿನ್ ಹಿಂದೆ, ಡಿಕ್ಕಿ ಮುಂದೆ. 875 ಸಿಸಿಯ ಅಲ್ಯೂಮಿನಿಯಂ ಎಂಜಿನ್, 45 ಡಿಗ್ರಿ ವಾಲಿಕೊಂಡು ಕೂತಿದೆ. ರೇಡಿಯೇಟರ್ ಕೂಡ ಅಲ್ಲೇ ಪಕ್ಕದಲ್ಲಿ. ಬಿಸಿ ಜಾಸ್ತಿ ಆದರೆ ಹೆಡ್ ಗ್ಯಾಸ್ಕೆಟ್‌ಗೆ (ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಕೂರುವ ಜಾಗದ ಸೀಲ್) ಆಪತ್ತು ಅಂತ ಗೊತ್ತಿತ್ತು. ಆದರೂ ಹೋದ ಭಾನುವಾರ ಸುಮ್ನೆ ಒಂದು ಸುತ್ತು ಹೋಗಿ ಬಂದೆ. ಮನೆಗೆ ಬಂದು ಬಗ್ಗಿ ನೋಡಿದರೆ ಪಂಪಿನ ಕೆಳಗೆ ಹಸಿರು ಕೂಲೆಂಟ್ ತೊಟ್ಟಿಕ್ಕುತ್ತಿತ್ತು. ಐವತ್ತು ದಾಟಿದ ಕಾರು, ಅದನ್ನು ಬೈದು ಏನು ಪ್ರಯೋಜನ ಅಲ್ವಾ?

ಗ್ಯಾರೇಜಿನವರು ಒಬ್ಬರು "ಗುಜರಿಗೆ ಹಾಕಿ" ಅಂದರು. ಮನಸ್ಸು ಒಪ್ಪಲಿಲ್ಲ. ಹಿಂದಿನ ಗಾಜು ಎತ್ತಿ ತರಕಾರಿ ಚೀಲ ಒಳಗಿಡುವ ಮಜಾನೇ ಬೇರೆ!

ಹಳೆ ಪಂಪು ಬಿಚ್ಚಿ ಸೀಲ್ ಬದಲಾಯಿಸುವವರು ಯಾರಾದರೂ ಗೊತ್ತಾ? ಹೆಡ್ ಸೊಟ್ಟಗಾಗಿದೆಯಾ ಅಂತ ನೋಡಿ ಹೇಳುವವರಿದ್ದರೂ ಸಾಕು. ಕಾರು ಸ್ಟಾರ್ಟ್ ಮಾಡುತ್ತಿಲ್ಲ, ಹಾಗಾಗಿ ಒಂದು ದಿನಕ್ಕೆ ಟ್ರೇಲರ್ ಕೂಡ ಬೇಕು. ಗೊತ್ತಿದ್ದವರು ಇಲ್ಲೇ ತಿಳಿಸಿ.