ಎಡಿಟ್ ಮಾಡಿದ ವಿಡಿಯೊನ ಕಂಪ್ಯೂಟರಿಂದ ವಾಪಸ್ ಮಿನಿಡಿವಿ ಟೇಪಿಗೆ ಹಾಕೋದು ಹೇಗೆ?

ನೀಲಿಫ್ರೇಮ್:

ನಮಸ್ಕಾರ ಎಲ್ರಿಗೂ. 50 ನಿಮಿಷದ ಒಂದು ವಿಡಿಯೊ ಎಡಿಟ್ ಮಾಡಿಟ್ಟಿದೀನಿ, ಮುಕ್ಕಾಲು ಪಾಲು ಹಳೇ ಮಿನಿಡಿವಿ ಟೇಪುಗಳದ್ದು (ಅದನ್ನ ಬೇರೆಯವರ ಹತ್ರ ಕೊಟ್ಟು ಕಂಪ್ಯೂಟರಿಗೆ ಇಳಿಸ್ಕೊಂಡಿದ್ದೆ), ಮಿಕ್ಕಿದ್ದು ಫೋನಲ್ಲಿ ತೆಗ್ದಿದ್ದು, ಎಲ್ಲಾ ಸೇರಿಸಿ ಟೈಟಲ್ ಹಾಕಿ ಎಂಪಿ4 ಮಾಡಿದೀನಿ. ಈಗ ಇದು ಟೇಪಿಗೇ ವಾಪಸ್ ಹೋಗ್ಬೇಕು. ಅಪ್ಪನಿಗೆ ಕ್ಯಾಮ್‌ಕಾರ್ಡರನ್ನ ಟಿವಿಗೆ ಸಿಗಿಸಿ ಪ್ಲೇ ಒತ್ತಿ ನೋಡೋದೇ ಇಷ್ಟ, ಪೆನ್‌ಡ್ರೈವ್ ಕೊಟ್ರೆ ಒಂದ್ಸಲ ನೋಡಿ ಪಕ್ಕಕ್ಕಿಡ್ತಾರೆ, ಟೇಪ್ ಆದ್ರೆ ಅವರೇ ತೆಗ್ದು ಹಾಕ್ಕೊಂಡು ನೋಡ್ತಾರೆ.

ಕ್ಯಾಮೆರಾಗೆ ಯುಎಸ್‌ಬಿ ಕೇಬಲ್ ಹಾಕಿದ್ರೆ ಒಳಗಿರೋ ಮೆಮೊರಿ ಕಾರ್ಡ್ ಮಾತ್ರ ಡ್ರೈವ್ ಥರ ಕಾಣುತ್ತೆ, ಟೇಪ್ ಎಲ್ಲೂ ಕಾಣಲ್ಲ. ವಿಂಡೋಸ್ 10 ಇದೆ, ಡೆಸ್ಕ್‌ಟಾಪು. ಯುಎಸ್‌ಬಿಲೇ ಆಗುತ್ತಾ? ಫೈಲ್ ಯಾವ ಫಾರ್ಮ್ಯಾಟಲ್ಲಿ ಇರ್ಬೇಕು? ಕ್ವಾಲಿಟಿ ಎಷ್ಟು ಕಮ್ಮಿ ಆಗುತ್ತೆ? ಗೊತ್ತಿರೋರು ದಯವಿಟ್ಟು ಹೇಳಿ.

ಟೇಪ್‌ಡೆಕ್:

ಯುಎಸ್‌ಬಿಲಿ ಆಗಲ್ಲ, ಅದನ್ನ ಮೊದ್ಲು ತಲೆಯಿಂದ ತೆಗೆದುಬಿಡಿ. ಆ ಕಾಲದ ಹೆಚ್ಚಿನ ಕ್ಯಾಮೆರಾಗಳಲ್ಲಿ ಯುಎಸ್‌ಬಿ ಕೊಟ್ಟಿದ್ದು ಕಾರ್ಡಲ್ಲಿರೋ ಫೋಟೊ ತೆಗ್ಯೋಕೆ, ಹೆಚ್ಚಂದ್ರೆ ವೆಬ್‌ಕ್ಯಾಮ್ ಥರ ಸಣ್ಣ ಚಿತ್ರ ಕಳ್ಸೋಕೆ. ಟೇಪಿಗೆ ಬರೀಬೇಕು ಅಂದ್ರೆ ಫೈರ್‌ವೈರೇ ಬೇಕು, ಐಇಇಇ 1394 ಅಂತಾನೂ ಅಂತಾರೆ, ಸೋನಿಯವರು ಐ.ಲಿಂಕ್ ಅಂತ ಬರೀತಾರೆ, ಮೂರೂ ಒಂದೇ. ಕ್ಯಾಮೆರಾ ಕಡೆ ಸಣ್ಣ 4 ಪಿನ್ನಿನ ಸಾಕೆಟ್ ಇರುತ್ತೆ, ಕಂಪ್ಯೂಟರ್ ಕಡೆ ಸಾಮಾನ್ಯವಾಗಿ 6 ಪಿನ್ನು.

ಇನ್ನೊಂದು ವಿಷ್ಯ, ಟೇಪ್ ಅನ್ನೋದು ಡ್ರೈವ್ ಅಲ್ಲ. ಫೈಲ್ ಕಾಪಿ ಮಾಡಿ ಪೇಸ್ಟ್ ಮಾಡೋ ಹಾಗಿಲ್ಲ. ಕಂಪ್ಯೂಟರ್ ವಿಡಿಯೊನ ಪ್ಲೇ ಮಾಡ್ತಾ ಹೋಗುತ್ತೆ, ಕ್ಯಾಮೆರಾ ಅದನ್ನ ರೆಕಾರ್ಡ್ ಮಾಡ್ತಾ ಹೋಗುತ್ತೆ, 50 ನಿಮಿಷದ ವಿಡಿಯೊಗೆ 50 ನಿಮಿಷ ಹಿಡಿಯುತ್ತೆ, ಅದನ್ನ ಬೇಗ ಮಾಡೋಕೆ ದಾರಿ ಇಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು. ಕಾರ್ಡು ಕೇಬಲ್ಲು ಏನೂ ತಗೊಳ್ಳೋ ಮೊದ್ಲು ಕ್ಯಾಮೆರಾ ತಿರುಗಿಸಿ ಆ ಸಾಕೆಟ್ ಪಕ್ಕ ಏನು ಬರ್ದಿದೆ ನೋಡಿ. ಡಿವಿ ಇನ್/ಔಟ್ (ಡಿವಿ ಅಂದ್ರೆ ಈ ಟೇಪಲ್ಲಿ ಬರೆಯೋ ಡಿಜಿಟಲ್ ವಿಡಿಯೊ) ಅಂತ ಇದ್ರೆ ಸರಿ. ಬರೀ ಡಿವಿ ಔಟ್ ಅಂತಿದ್ರೆ ಆ ಕ್ಯಾಮೆರಾ ಹೊರಗಡೆಯಿಂದ ಡಿಜಿಟಲ್ ಸಿಗ್ನಲ್ ತಗೊಳ್ಳೋದೇ ಇಲ್ಲ, ಕಂಪ್ಯೂಟರಲ್ಲಿ ಯಾವ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿದ್ರೂ ಅಷ್ಟೆ. ಯುರೋಪಲ್ಲಿ ಮಾರಿದ ಪಾಲ್ (ಅಲ್ಲಿನ ಟಿವಿ ಪದ್ಧತಿ) ಮಾಡೆಲ್‌ಗಳಲ್ಲಿ ಇದು ತುಂಬಾ ಇತ್ತು, ಯಾಕಂದ್ರೆ ಹೊರಗಿನ ಸಿಗ್ನಲ್ ರೆಕಾರ್ಡ್ ಮಾಡೋ ಕ್ಯಾಮೆರಾನ ಅಲ್ಲಿ ವಿಡಿಯೊ ರೆಕಾರ್ಡರ್ ಅಂತ ಲೆಕ್ಕ ಹಾಕಿ ಜಾಸ್ತಿ ಆಮದು ಸುಂಕ ಹಾಕ್ತಿದ್ರು, ಅದಕ್ಕೆ ಕಂಪನಿಗಳು ಒಳಗೆ ಬರೋ ದಾರಿನೇ ಮುಚ್ಚಿ ಮಾರಿದ್ವು. ಒಳ್ಳೊಳ್ಳೆ ಕ್ಯಾಮೆರಾಗಳು, ಬರೀ ಸುಂಕದ ಕಾರಣಕ್ಕೆ ಅರ್ಧ ಕೆಲ್ಸ ಮಾಡದ ಹಾಗೆ ಆಗಿದ್ದು ನೋಡಿದ್ರೆ ಈಗ್ಲೂ ಬೇಜಾರಾಗುತ್ತೆ.

ಮತ್ತೆ ಒಂದು ತುದಿಲಿ ಯುಎಸ್‌ಬಿ ಇನ್ನೊಂದು ತುದಿಲಿ ಫೈರ್‌ವೈರ್ ಇರೋ ಕೇಬಲ್ ಅಂತ ಮಾರ್ತಾರೆ, ಅದನ್ನ ತಗೋಬೇಡಿ. ಎರಡೂ ಮಾತಾಡೋ ರೀತಿನೇ ಬೇರೆ, ತಂತಿ ಜೋಡಿಸಿದ ಮಾತ್ರಕ್ಕೆ ಡಿವಿ ಸಿಗ್ನಲ್ ಹೋಗಲ್ಲ. ಡೆಸ್ಕ್‌ಟಾಪ್ ಅಂದ್ರಲ್ಲ, ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಹಾಕ್ಸಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರೋದಾದ್ರೆ ಒಳ್ಳೇದು.

ಕಪ್ಪುಪಟ್ಟಿ:

ಮೇಲಿನ ಸರ್ ಹಾರ್ಡ್‌ವೇರ್ ಹೇಳಿದಾರೆ, ನಾನು ಫೈಲ್ ಬಗ್ಗೆ ಹೇಳ್ತೀನಿ. ಎಂಪಿ4 ಹಾಗೇ ಹೋಗಲ್ಲ. ಮಿನಿಡಿವಿ ಕ್ಯಾಮೆರಾಗೆ ಅರ್ಥ ಆಗೋದು ಡಿವಿ ಒಂದೇ, ಅದೂ ನಿಮ್ಮ ಕ್ಯಾಮೆರಾ ಪಾಲ್ ಆದ್ರೆ 720 x 576, ಸೆಕೆಂಡಿಗೆ 25 ಫ್ರೇಮು, ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಆದ್ರೆ 720 x 480, 29.97 ಫ್ರೇಮು. ಒಂದರ ಫೈಲ್ ಇನ್ನೊಂದಕ್ಕೆ ಕೊಟ್ರೆ ರೆಕಾರ್ಡ್ ಆಗಲ್ಲ. ಆಡಿಯೊ 48 ಕಿಲೋಹರ್ಟ್ಸ್ 16 ಬಿಟ್ ಸ್ಟೀರಿಯೊ ಇಡಿ, ಫೋನ್ ಕ್ಲಿಪ್ಪಲ್ಲಿ 44.1 ಇದ್ರೆ ಅದನ್ನೂ 48ಕ್ಕೆ ತಂದ್ಕೊಳ್ಳಿ.

ನನ್ನ ಸಲಹೆ ಏನಂದ್ರೆ ಎಂಪಿ4ನ ಡಿವಿಗೆ ಬದಲಾಯಿಸ್ಬೇಡಿ, ಎಡಿಟಿಂಗ್ ಪ್ರಾಜೆಕ್ಟ್ ಇನ್ನೂ ಇದ್ರೆ ಅಲ್ಲಿಂದಾನೇ ನೇರವಾಗಿ ಡಿವಿ ಎವಿಐ ಅಂತ ಎಕ್ಸ್‌ಪೋರ್ಟ್ ಮಾಡಿ. ಟೇಪಿಂದ ಬಂದ ಕ್ಲಿಪ್‌ಗಳು ಮೂಲದಲ್ಲಿ ಡಿವಿನೇ ಆಗಿದ್ರೆ, ಕಟ್ ಮಾತ್ರ ಮಾಡಿರೋ ಕಡೆ ಎಷ್ಟೋ ಸಾಫ್ಟ್‌ವೇರುಗಳು ಇದ್ದಿದ್ದನ್ನ ಇದ್ದ ಹಾಗೇ ದಾಟಿಸ್ತವೆ, ಟೈಟಲ್ ಮತ್ತೆ ಡಿಸಾಲ್ವ್ (ಒಂದು ಚಿತ್ರ ಕರಗಿ ಇನ್ನೊಂದು ಬರೋದು) ಇರೋ ಜಾಗ ಮಾತ್ರ ಹೊಸದಾಗಿ ರೆಂಡರ್ ಆಗುತ್ತೆ. ಅಂದ್ರೆ ಕಟ್ ಮಾತ್ರ ಮಾಡಿರೋ ಭಾಗಕ್ಕೆ ಕ್ವಾಲಿಟಿ ನಷ್ಟ ಇಲ್ವೇ ಇಲ್ಲ. ಫೋನಿನ ಎಚ್‌ಡಿ ಕ್ಲಿಪ್ ಮಾತ್ರ ಸಣ್ಣದಾಗುತ್ತೆ, ಅದಕ್ಕೇನೂ ಮಾಡೋಕಾಗಲ್ಲ.

ಪ್ರಾಜೆಕ್ಟ್ ಇಲ್ಲ ಅಂದ್ರೆ ಎಫ್‌ಎಫ್‌ಎಂಪೆಗ್ ಅನ್ನೋ ಫ್ರೀ ಕನ್ವರ್ಟರ್ ಇದೆ, ಅದರಲ್ಲಿ ಟಾರ್ಗೆಟ್ ಅನ್ನೋ ಆಪ್ಷನ್‌ಗೆ ಪಾಲ್-ಡಿವಿ ಅಂತ ಕೊಟ್ರೆ ಸೈಜು, ಫ್ರೇಮ್ ರೇಟು, ಆಡಿಯೊ ಎಲ್ಲಾ ಅದೇ ಹೊಂದಿಸ್ಕೊಳ್ಳುತ್ತೆ. ವೈಡ್‌ಸ್ಕ್ರೀನ್ ಆದ್ರೆ 16:9 ಅಂತ ಮರೀದೆ ಹೇಳ್ಬೇಕು, ಇಲ್ಲಾಂದ್ರೆ ಟಿವಿಲಿ ಎಲ್ಲರ ಮುಖ ಉದ್ದ ಆಗ್ಬಿಡುತ್ತೆ.

ಫೀಲ್ಡ್ ಆರ್ಡರ್ ಬಗ್ಗೆ ಯಾರೂ ಹೇಳಲ್ಲ, ಆದ್ರೆ ಜನ ಒದ್ದಾಡೋದು ಇಲ್ಲೇ. ಇಂಟರ್‌ಲೇಸ್ಡ್ ವಿಡಿಯೊಲಿ ಒಂದು ಫ್ರೇಮು ಒಂದು ಬಿಟ್ಟು ಒಂದು ಗೆರೆಯ ಎರಡು ಭಾಗವಾಗಿ ಬರುತ್ತೆ, ಅದೇ ಫೀಲ್ಡು. ಡಿವಿಲಿ ಕೆಳಗಿನ ಫೀಲ್ಡ್ ಮೊದ್ಲು, ಇಂಟರ್‌ಲೇಸ್ಡ್ ಎಚ್‌ಡಿಲಿ ಮೇಲಿನ ಫೀಲ್ಡ್ ಮೊದ್ಲು. ಎಕ್ಸ್‌ಪೋರ್ಟ್ ಸೆಟ್ಟಿಂಗಲ್ಲಿ ಲೋವರ್ ಫೀಲ್ಡ್ ಫಸ್ಟ್ ಅಂತಾನೇ ಇರ್ಬೇಕು. ಉಲ್ಟಾ ಆದ್ರೆ ಕಂಪ್ಯೂಟರಲ್ಲಿ ಏನೂ ಗೊತ್ತಾಗಲ್ಲ, ಟಿವಿಲಿ ಯಾರಾದ್ರೂ ನಡೆದ ತಕ್ಷಣ ಚಿತ್ರ ಹಿಂದೆ ಮುಂದೆ ಅದುರೋಕೆ ಶುರುವಾಗುತ್ತೆ.

ಜಾಗ ನೋಡ್ಕೊಳ್ಳಿ, ಡಿವಿ ಒಂದು ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತೆ. ಫ್ಯಾಟ್32 ಡ್ರೈವಲ್ಲಿ ಇಡೋಕೆ ಹೋಗ್ಬೇಡಿ, ಅಲ್ಲಿ ಒಂದು ಫೈಲಿಗೆ 4 ಜಿಬಿ ಮಿತಿ, ಇಪ್ಪತ್ತು ನಿಮಿಷ ಆಗೋದ್ರೊಳಗೆ ನಿಂತೋಗುತ್ತೆ.

ನೀಲಿಫ್ರೇಮ್:

ಇಬ್ರಿಗೂ ತುಂಬಾ ಥ್ಯಾಂಕ್ಸ್. ಕ್ಯಾಮೆರಾ ನೋಡ್ದೆ, ಡಿವಿ ಇನ್/ಔಟ್ ಅಂತಾನೇ ಇದೆ!! ಪಾಲ್ ಮಾಡೆಲ್ಲು. ಪರಿಚಯದವರ ಹತ್ರ ಫೈರ್‌ವೈರ್ ಕಾರ್ಡ್ ಸಿಕ್ತು, ಹಾಕಿದೀನಿ, ಪ್ರಾಜೆಕ್ಟಿಂದ ಡಿವಿ ಎವಿಐ ಕೂಡ ತೆಗ್ದೆ. ಈಗ ತೊಂದ್ರೆ ಏನಂದ್ರೆ ಕ್ಯಾಮೆರಾ ಆನ್ ಮಾಡಿದ್ರೆ ವಿಂಡೋಸ್ ಒಂದ್ಸಲ ಗುರುತಿಸುತ್ತೆ ಆಮೇಲೆ ಮಾಯ, ಇನ್ನೊಂದ್ಸಲ ಗುರುತಿಸೋದೇ ಇಲ್ಲ. ಟೇಪಿಗೆ ಕಳ್ಸೋಕೆ ಯಾವ ಸಾಫ್ಟ್‌ವೇರ್ ಅನ್ನೋದೂ ಗೊತ್ತಾಗ್ತಿಲ್ಲ, ನನ್ನ ಎಡಿಟರಲ್ಲಿ ಆ ಮೆನುನೇ ಇಲ್ಲ.

ಟೇಪ್‌ಡೆಕ್:

ಅದು ಡ್ರೈವರ್ ಕತೆ ಇರ್ಬೇಕು. ವಿಂಡೋಸ್ 7ರಲ್ಲಿ ಮೈಕ್ರೊಸಾಫ್ಟ್ ಹೊಸ 1394 ಡ್ರೈವರ್ ತಂದ್ರು, ಹಳೇ ಕ್ಯಾಮ್‌ಕಾರ್ಡರುಗಳು ಎಷ್ಟೋ ಕಡೆ ಅದರ ಜೊತೆ ಸರಿಯಾಗಿ ಹೊಂದ್ಕೊಳ್ಳಲ್ಲ. ಹಳೇದನ್ನ ಲೆಗಸಿ ಡ್ರೈವರ್ ಅಂತಾರೆ. 7ರಲ್ಲಿ ಅದು ಪಟ್ಟಿಲೇ ಇತ್ತು, 8ರಿಂದ ಈಚೆಗೆ ಮೈಕ್ರೊಸಾಫ್ಟ್‌ನದನ್ನೇ ಬೇರೆ ಡೌನ್‌ಲೋಡ್ ಮಾಡಿ ಹಾಕ್ಕೋಬೇಕು. ಆಮೇಲೆ ಡಿವೈಸ್ ಮ್ಯಾನೇಜರಲ್ಲಿ 1394 ಹೋಸ್ಟ್ ಕಂಟ್ರೋಲರ್ ಮೇಲೆ ಹೋಗಿ ಅಪ್‌ಡೇಟ್ ಡ್ರೈವರ್ ಕೊಟ್ಟು, ಪಟ್ಟಿಯಿಂದ ನಾನೇ ಆರಿಸ್ತೀನಿ ಅನ್ನೋದ್ರಲ್ಲಿ ಲೆಗಸಿ ಅಂತಿರೋದನ್ನ ತಗೊಳ್ಳಿ.

ಸಾಫ್ಟ್‌ವೇರ್ ಬೇಕಂದ್ರೆ ವಿನ್‌ಡಿವಿ, ಪುಟ್ಟದು, ಫ್ರೀ, ಇದೊಂದೇ ಕೆಲ್ಸಕ್ಕೆ ಮಾಡಿರೋದು. ಎಕ್ಸ್‌ಪಿ ಕಾಲದ ಮೂವಿ ಮೇಕರಲ್ಲಿ ಡಿವಿ ಕ್ಯಾಮೆರಾಗೆ ಕಳ್ಸೋ ಆಪ್ಷನ್ ಇತ್ತು, ಹಳೇ ಪ್ರೀಮಿಯರ್ ಪ್ರೊನಲ್ಲಿ ಎಕ್ಸ್‌ಪೋರ್ಟ್ ಟು ಟೇಪ್ ಇತ್ತು, ಫೈನಲ್ ಕಟ್ 7ರಲ್ಲಿ ಪ್ರಿಂಟ್ ಟು ವಿಡಿಯೊ. ಹೊಸ ಎಡಿಟರುಗಳಲ್ಲಿ ಇದನ್ನ ಹುಡುಕಿ ಪ್ರಯೋಜನ ಇಲ್ಲ.

ಕ್ಯಾಮೆರಾನ ರೆಕಾರ್ಡಿಂಗ್ ಮೋಡಲ್ಲಿ ಇಡ್ಬೇಡಿ, ಪ್ಲೇ ಅಥವಾ ವಿಸಿಆರ್ ಅಂತಿರೋ ಮೋಡ್. ಬ್ಯಾಟರಿ ನಂಬ್ಬೇಡಿ, ಅಡಾಪ್ಟರ್ ಹಾಕಿ. ಕ್ಯಾಸೆಟ್ ಹಿಂಭಾಗದ ಸಣ್ಣ ಕೀಲಿ ಸೇವ್ ಕಡೆ ಇದ್ರೆ ರೆಕಾರ್ಡ್ ಆಗಲ್ಲ, ರೆಕ್ ಕಡೆ ತಳ್ಳಿ. ಮತ್ತೆ ಖಾಲಿ ಟೇಪೇ ಹಾಕಿ ದಯವಿಟ್ಟು, ಒಳಗೆ ಏನಿದ್ರೂ ಅದರ ಮೇಲೇ ಬರ್ದುಬಿಡುತ್ತೆ, ಒಂದು ಸಲ ಹೋದ್ರೆ ಹೋಯ್ತು.

ಫೈಲಿನ ಶುರುಗೆ 20-30 ಸೆಕೆಂಡ್ ಕಪ್ಪು ಸೇರ್ಸಿ, ಕೊನೆಗೂ ಸ್ವಲ್ಪ. ರೆಕಾರ್ಡ್ ಆಜ್ಞೆ ಹೋದ್ಮೇಲೆ ಕ್ಯಾಮೆರಾ ಹಿಡ್ಕೊಳ್ಳೋಕೆ ಒಂದೆರಡು ಸೆಕೆಂಡ್ ತಡ ಮಾಡುತ್ತೆ, ಕಪ್ಪು ಇಲ್ಲಾಂದ್ರೆ ನಿಮ್ಮ ಮೊದಲ್ನೇ ಟೈಟಲ್ಲೇ ಅರ್ಧ ಕತ್ತರಿಸೋಗುತ್ತೆ. ಟೇಪಿನ ತೀರಾ ಮೊದಲ್ನೇ ಭಾಗಾನೇ ಹೆಚ್ಚು ಸವೆಯೋದು, ಅಲ್ಲಿ ಚಿತ್ರ ಇಲ್ದಿದ್ರೇ ಒಳ್ಳೇದು.

ಶಟಲ್90:

ಒಂದು ಸೇರಿಸ್ತೀನಿ. 50 ನಿಮಿಷ ಅಂದ್ರಲ್ಲ, 60 ನಿಮಿಷದ ಟೇಪಲ್ಲಿ ಎಸ್‌ಪಿಲೇ (ಮಾಮೂಲಿ ವೇಗ) ಹಿಡಿಯುತ್ತೆ, ಎಲ್‌ಪಿ (ಟೇಪ್ ನಿಧಾನ ಓಡೋ ಮೋಡ್) ಕಡೆ ಹೋಗ್ಲೇಬೇಡಿ. ಎಲ್‌ಪಿಲಿ 60ರ ಟೇಪಿಗೆ 90 ನಿಮಿಷ ಸಿಗುತ್ತೆ ನಿಜ, ಚಿತ್ರದ ಡೇಟಾನೂ ಅಷ್ಟೇ ಇರುತ್ತೆ, ಆದ್ರೆ ಟೇಪ್ ಮೇಲೆ ಬರೆಯೋ ಗೆರೆಯ ಅಗಲ 10 ಮೈಕ್ರಾನಿಂದ 6.7ಕ್ಕೆ ಇಳಿಯುತ್ತೆ, ಒಂದು ಕ್ಯಾಮೆರಾಲಿ ಬರೆದದ್ದು ಇನ್ನೊಂದರಲ್ಲಿ ಓದೋದು ಕಷ್ಟ ಆಗುತ್ತೆ. ನಿಮ್ಮ ತಂದೆಯವರ ಕ್ಯಾಮೆರಾ ಮುಂದೆ ಕೆಟ್ಟು ಬೇರೆ ತರಬೇಕಾದ್ರೆ ಆಗ ಎಸ್‌ಪಿ ಟೇಪೇ ಕಾಪಾಡೋದು.

ರೆಕಾರ್ಡ್ ಆಗ್ತಿರುವಾಗ ಆ ಕಂಪ್ಯೂಟರಲ್ಲಿ ಬೇರೆ ಏನೂ ಮಾಡ್ಬೇಡಿ. ಡಿವಿ ಸೆಕೆಂಡಿಗೆ 3.6 ಎಂಬಿ ಅಷ್ಟೆ, ಇವತ್ತಿನ ಡಿಸ್ಕಿಗೆ ಏನೂ ಅಲ್ಲ, ಆದ್ರೆ ಹರಿವು ಒಂದು ಕ್ಷಣಾನೂ ನಿಲ್ಬಾರ್ದು, ಟೇಪ್ ಕಾಯಲ್ಲ. ಸ್ಲೀಪ್, ಅಪ್‌ಡೇಟ್, ಆಂಟಿವೈರಸ್ ಸ್ಕ್ಯಾನ್ ಎಲ್ಲಾ ನಿಲ್ಸಿ, ಫೈಲ್ ಒಳಗಿನ ಡಿಸ್ಕಲ್ಲೇ ಇರ್ಲಿ. ಕೇಬಲ್ ಸಿಗಿಸೋವಾಗ ಎರಡೂ ಆಫ್ ಮಾಡಿರಿ, 6 ಪಿನ್ ಕಡೆ ಕರೆಂಟ್ ಹರೀತಿರುತ್ತೆ, ಉಲ್ಟಾ ತುರುಕಿದ್ರೆ ಪೋರ್ಟೇ ಸುಟ್ಟೋಗುತ್ತೆ.

ನೀಲಿಫ್ರೇಮ್:

ಲೆಗಸಿ ಡ್ರೈವರ್ ಹಾಕಿದ ತಕ್ಷಣ ಕ್ಯಾಮೆರಾ ಗಟ್ಟಿಯಾಗಿ ನಿಂತ್ಕೊಂಡ್ತು, ಸ್ಕ್ರೀನಲ್ಲಿ ಡಿವಿ ಇನ್ ಅಂತ ಬಂತು. ವಿನ್‌ಡಿವಿಲಿ ಪೂರ್ತಿ 50 ನಿಮಿಷ ರೆಕಾರ್ಡ್ ಆಯ್ತು, ಡ್ರಾಪ್ ಆದ ಫ್ರೇಮ್ ಸೊನ್ನೆ ತೋರಿಸ್ತು. ಆದ್ರೆ ಪ್ಲೇ ಮಾಡಿದ್ರೆ ಮಧ್ಯೆ ಮಧ್ಯೆ ಚಿತ್ರದಲ್ಲಿ ಅಡ್ಡ ಪಟ್ಟಿ ಥರ ಸಣ್ಣ ಚೌಕಗಳು ಬಂದು ಹೋಗ್ತವೆ, ಆಗ ಧ್ವನಿನೂ ಒಂಚೂರು ಕಟ್ ಆಗುತ್ತೆ. ಫೈಲಲ್ಲಿ ಆ ಜಾಗ ನೋಡ್ದೆ, ಅಲ್ಲಿ ಸ್ವಚ್ಛವಾಗಿದೆ.

ಶಟಲ್90:

ಫೈಲ್ ಚೆನ್ನಾಗಿದೆ, ಡ್ರಾಪ್ ಸೊನ್ನೆ, ಅಂದ್ಮೇಲೆ ಕಂಪ್ಯೂಟರ್ ಕಡೆ ಸರಿ ಇದೆ. ತೊಂದ್ರೆ ಹೆಡ್ಡಲ್ಲಿ (ಕ್ಯಾಮೆರಾ ಒಳಗೆ ಟೇಪ್ ಓದಿ ಬರೆಯೋ ಭಾಗ) ಇರ್ಬೇಕು, ಅಥವಾ ಟೇಪಲ್ಲಿ. ಅದೇ ಕ್ಯಾಮೆರಾಲಿ ಹಳೇ ಟೇಪೊಂದು ಪ್ಲೇ ಮಾಡಿ ನೋಡಿ, ಅಲ್ಲೂ ಚೌಕ ಬಂದ್ರೆ ಹೆಡ್ ಮೇಲೆ ಕೊಳೆ ಕೂತಿದೆ ಅಂತ ಅರ್ಥ. ಮಿನಿಡಿವಿ ಕ್ಲೀನಿಂಗ್ ಕ್ಯಾಸೆಟ್ ಹಾಕಿ ಅದರ ಮೇಲೆ ಬರ್ದಿರೋ ಅಷ್ಟೇ ಸೆಕೆಂಡ್ ಓಡ್ಸಿ, ಜಾಸ್ತಿ ಬೇಡ, ಅದು ಹೆಡ್ಡನ್ನ ಉಜ್ಜುತ್ತೆ. ಹಳೇ ಟೇಪ್ ಚೆನ್ನಾಗಿ ಓಡಿದ್ರೆ ನೀವು ಹಾಕಿದ ಟೇಪೇ ಸರಿ ಇಲ್ಲ, ಬೇರೆ ಹಾಕಿ. ತುಂಬಾ ದಿನ ಸುಮ್ನೆ ಇದ್ದ ಖಾಲಿ ಟೇಪಾದ್ರೆ ರೆಕಾರ್ಡಿಗೆ ಮೊದ್ಲು ಒಂದ್ಸಲ ಕೊನೆವರೆಗೂ ಫಾಸ್ಟ್ ಫಾರ್ವರ್ಡ್ ಮಾಡಿ ರಿವೈಂಡ್ ಮಾಡಿ, ಒಳಗಿನ ಬಿಗಿತ ಸಮ ಆಗುತ್ತೆ.

ಟೇಪ್‌ಡೆಕ್:

ಹೌದು, ಹೆಡ್ಡೇ ಇರ್ಬೇಕು. ಕ್ಲೀನ್ ಮಾಡಿದ್ಮೇಲೆ ಈಗ ಮಾಡಿದ ರೆಕಾರ್ಡಿಂಗನ್ನೇ ಮೊದ್ಲು ಒಂದ್ಸಲ ಪ್ಲೇ ಮಾಡಿ. ಬರೆಯೋವಾಗ ಸರಿಯಾಗಿ ಬರ್ದು ಓದೋವಾಗ ಮಾತ್ರ ಎಡವಿದ್ರೆ ಆ ಟೇಪೇ ಚೆನ್ನಾಗಿ ಓಡುತ್ತೆ, ಅದೇ ಜಾಗದಲ್ಲಿ ಮತ್ತೆ ಅದೇ ಚೌಕ ಬಂದ್ರೆ ಮಾತ್ರ ಶುರುವಿಂದ ಇನ್ನೊಂದ್ಸಲ ರೆಕಾರ್ಡ್ ಮಾಡಿ. ಸರಿ ಬಂದ ಮೇಲೆ ಕೀಲಿನ ಸೇವ್ ಕಡೆ ತಳ್ಳಿ ಅಪ್ಪನ ಕೈಗೆ ಕೊಡಿ, ಡಿವಿ ಎವಿಐ ಫೈಲ್ ಮಾತ್ರ ಅಳಿಸ್ಬೇಡಿ, ಈ ಟೇಪ್ ನೋಡಿ ನೋಡಿ ಸವೆದಾಗ ಇನ್ನೊಂದು ಮಾಡ್ಕೊಡೋಕೆ ಅದೇ ಬೇಕು.